ಕುಡಿತ, ಖಿನ್ನತೆ, ಜನರೆದುರು ಅಂಜಿಕೆ: ಮೊದಲು ಯಾವುದಕ್ಕೆ ಚಿಕಿತ್ಸೆ?

ಹೊಂಗೆನೆರಳು:
ನಾಲ್ಕು ಜನರ ನಡುವೆ ಹೋಗಬೇಕಾದರೆ ಎರಡು ಪೆಗ್ ಬೇಕೇ ಬೇಕು, ಬೆಳಗ್ಗೆ ಎದ್ದರೆ ಕೈನಡುಕ, ಯಾವುದರಲ್ಲೂ ಮನಸ್ಸಿಲ್ಲ. ಇಂಥವರಿಗೆ ಖಿನ್ನತೆಯ ಮಾತ್ರೆ ಮೊದಲೋ, ಕುಡಿತ ಬಿಡಿಸುವುದು ಮೊದಲೋ?

ಸಂಜೆಪಾಳಿ:
ಕೈನಡುಕ ಇದೆ ಅಂದಮೇಲೆ ಮೊದಲು ನೋಡಬೇಕಾದ್ದು ದೇಹ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಇಲ್ಲದ್ದು ಕಾಣಿಸುವುದು, ಹಗಲು ರಾತ್ರಿ ತಿಳಿಯದಂತಾಗುವುದು 2ರಿಂದ 4ನೇ ದಿನ. ಅದು ಪ್ರಾಣಕ್ಕೇ ಕುತ್ತು. ಆದ್ದರಿಂದ ಮನೆಯಲ್ಲಿ ಹಟಕ್ಕೆ ಬಿದ್ದು ಬಿಡಿಸಬೇಡಿ. ಡಾಕ್ಟರು ಡಯಾಜೆಪಾಮ್‌ನಂಥ ಮಾತ್ರೆ ಕೊಟ್ಟು, ಸುಮಾರು ಒಂದು ವಾರದಲ್ಲಿ ಡೋಸ್ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್ (ವಿಟಮಿನ್ ಬಿ1), ಊಟ ಬಿಟ್ಟು ಕುಡಿದವರಿಗೆ ಇಂಜೆಕ್ಷನ್ ರೂಪದಲ್ಲೇ. ಅದೇ ಡಯಾಜೆಪಾಮ್ ನುಂಗಿ ಮೇಲೆ ಕುಡಿದರೆ ಉಸಿರೇ ಕಟ್ಟಬಹುದು.

ಕುಡಿತದಿಂದಲೇ ಬಂದ ಖಿನ್ನತೆ, ಕುಡಿತ ಬಿಟ್ಟ 2ರಿಂದ 4 ವಾರದಲ್ಲಿ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಆಮೇಲೆ ಮಾತ್ರೆಯ ಮಾತು.

ಕಲ್ಲುಹಾಸು:
ನಾಲ್ಕು ವಾರ ಕಾಯುವುದು ಎಲ್ಲರಿಗೂ ಅಲ್ಲ. ಕುಡಿತಕ್ಕೂ ಮೊದಲೇ ಖಿನ್ನತೆ ಇತ್ತೇ, ಬಿಟ್ಟಿದ್ದ ತಿಂಗಳುಗಳಲ್ಲೂ ಇತ್ತೇ ಎಂದು ಕೇಳಿ, ಹೌದಾದರೆ ಕಾಯಬೇಕಿಲ್ಲ. ಸಾಯುವ ಮಾತಾಡಿದರೆ ಅವತ್ತೇ ಕರೆದೊಯ್ಯಿರಿ.

ಅಂಜಿಕೆಯ ಕಥೆಯೇ ಬೇರೆ. ಅದು ಸಾಮಾನ್ಯವಾಗಿ ಹದಿಹರೆಯದಲ್ಲೇ, ಕುಡಿತಕ್ಕೆ ಮುಂಚೆ ಬಂದಿರುತ್ತದೆ. ಕುಡಿತ ನಿಂತ ಮಾತ್ರಕ್ಕೆ ಹೋಗುವುದಿಲ್ಲ, ಮೊದಲ ವಾರಗಳಲ್ಲಿ ಇನ್ನೂ ಚುಚ್ಚುತ್ತದೆ. ಮತ್ತೆ ಬಾಟಲಿ ಹಿಡಿಯುವುದು ಎಷ್ಟೋ ಸಲ ಇಲ್ಲೇ. ಮದ್ಯ ಮೆದುಳಿನ ಬ್ರೇಕನ್ನು ಬಿಗಿಮಾಡುತ್ತದೆ, ಮೆದುಳು ಅದಕ್ಕೆ ಎದುರಾಗಿ ಆಕ್ಸಿಲರೇಟರ್ ಒತ್ತಿ ಕೂರುತ್ತದೆ. ಅಮಲು ಇಳಿದ ಮೇಲೆ ಉಳಿಯುವುದು ಆಕ್ಸಿಲರೇಟರ್ ಮಾತ್ರ. ಬೆಳಗಿನ ಎದೆಬಡಿತವನ್ನು ‘ನನ್ನ ಸ್ವಭಾವವೇ ಹೀಗೆ’ ಎಂದುಕೊಂಡು ಸಂಜೆ ಮತ್ತೆ ಗ್ಲಾಸು.

ಹೊಂಗೆನೆರಳು:
ಕುಡಿತ ಬಿಡುವವರ ಗುಂಪು ಸಭೆಗೆ ಹೋಗಿ ಅಂದರೆ ಬಾಗಿಲಿಂದಲೇ ವಾಪಸ್ ಬರುತ್ತಾರಲ್ಲ?

ಕಲ್ಲುಹಾಸು:
ಬರುತ್ತಾರೆ. ಅದನ್ನು ‘ಬಿಡೋ ಮನಸ್ಸಿಲ್ಲ’ ಎಂದು ಬರೆದುಕೊಳ್ಳುವುದು ದೊಡ್ಡ ತಪ್ಪು. ಮೊದಲು ಒಬ್ಬರೇ ಥೆರಪಿಸ್ಟ್ ಜೊತೆ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ. ಹೆದರಿಕೆಗಳನ್ನು 0ಯಿಂದ 100ರ ಅಂಕ ಕೊಟ್ಟು ಬರೆಸಿ, 30-40ರದ್ದರಿಂದ ಶುರು: ಅಪರಿಚಿತರಲ್ಲಿ ದಾರಿ ಕೇಳುವುದು, ಸಭೆಯಲ್ಲಿ ಒಂದೇ ಪ್ರಶ್ನೆ. ಕುಡಿಯದೆಯೇ ಮಾಡಬೇಕು, ಒಂದು ಪೆಗ್ ಹಾಕಿದರೂ ಶ್ರೇಯಸ್ಸೆಲ್ಲ ಪೆಗ್ಗಿಗೆ. ಸರ್ಟ್ರಲೀನ್‌ನಂಥ ಮಾತ್ರೆ ಖಿನ್ನತೆಗೆ 4-6 ವಾರ, ಅಂಜಿಕೆಗೆ ಕೆಲವೊಮ್ಮೆ 12 ವಾರ ತೆಗೆದುಕೊಳ್ಳುತ್ತದೆ.

ಸಂಜೆಪಾಳಿ:
ಕುಡಿಯುವ ಆಸೆಗೆ ನಾಲ್ಟ್ರೆಕ್ಸೋನ್ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ, ಲಿವರ್ ಪರೀಕ್ಷೆ ಮಾಡಿಸಿ. ಟ್ರಾಮಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆ ನಡೆಯುತ್ತಿದ್ದರೆ ನಾಲ್ಟ್ರೆಕ್ಸೋನ್ ಬೇಡ. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯನ್ನು ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ; ಮೇಲೆ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು.