ಅಪ್‌ಡೇಟ್: ಪಂಪ್ ಟೈಮರ್‌ನ ಗಡಿಯಾರ ಕೊನೆಗೂ ದಾರಿಗೆ ಬಂತು

ತೋಟದ ಪಂಪ್ ಟೈಮರ್‌ಗೆ ಎಟಿಮೆಗಾ328ಪಿ (ಟೈಮರ್ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಒಳಗಿನ ಆಸಿಲೇಟರ್ (ಗಡಿಯಾರಕ್ಕೆ ಮಿಡಿತ ಕೊಡುವ ಭಾಗ) ಸಾಕಾ, ಹೊರಗೆ ಕ್ರಿಸ್ಟಲ್ (ಇನ್ನೂ ನಿಖರವಾಗಿ ಮಿಡಿಯುವ ಸ್ಫಟಿಕ) ಬೇಕಾ ಅಂತ ಹೋದ ತಿಂಗಳು ಕೇಳಿದ್ದೆ. ಕ್ರಿಸ್ಟಲ್ ಹಾಕಿ ಅಂದಿರಿ. ಸರಿಯೇ. ಒಳಗಿನದು 1% ತಪ್ಪಿದರೂ ದಿನಕ್ಕೆ 14 ನಿಮಿಷ ಹೋಯ್ತು, ಅಲ್ವಾ?

ಸಮಯ ಎಣಿಸುವ ಡಿಎಸ್1307 ಚಿಪ್ ಹಾಕಿ, 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಜೋಡಿಸಿದೆ. ಆದರೂ ದಿನಕ್ಕೆ ಸುಮಾರು 4 ಸೆಕೆಂಡ್ ಹಿಂದೆ ಬೀಳುತ್ತಿತ್ತು. ಸುಮ್ನೆ ಕ್ರಿಸ್ಟಲ್‌ಗೆ ಬೈದು ಎರಡು ಸಲ ಬದಲಾಯಿಸಿದೆ. ತಪ್ಪು ನನ್ನದೇ. 16 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಹಾಕಿ ಹಾಕಿ ಕೈಗೆ ಅಭ್ಯಾಸ, ಈ 32.768 ಕಿಲೋಹರ್ಟ್ಸ್ ಕ್ರಿಸ್ಟಲ್‌ನ ಎರಡೂ ಕಾಲಿಗೂ 22 ಪಿಕೋಫ್ಯಾರಡ್ ಕೆಪಾಸಿಟರ್ (ವಿದ್ಯುದಾವೇಶ ಹಿಡಿದಿಡುವ ಬಿಡಿಭಾಗ) ಕೂರಿಸಿದ್ದೆ. ಈ ಚಿಪ್‌ಗೆ ಅವು ಬೇಕೇ ಇಲ್ಲ. 12.5 ಪಿಕೋಫ್ಯಾರಡ್ ಲೋಡ್‌ನ (ಸರಿಯಾಗಿ ಮಿಡಿಯಲು ಬೇಕಾದ ಕೆಪಾಸಿಟನ್ಸ್) ಕ್ರಿಸ್ಟಲ್‌ಗೆ ಬೇಕಾದಷ್ಟು ಅದರೊಳಗೇ ಇದೆ. ಡೇಟಾಶೀಟ್‌ನಲ್ಲಿ (ಚಿಪ್ ತಯಾರಕರ ಮಾಹಿತಿ ಪತ್ರ) ಬರೆದೂ ಇದೆ, ನಾನು ಓದಿರಲಿಲ್ಲ! ಲೋಡ್ ಜಾಸ್ತಿಯಾದರೆ ಕ್ರಿಸ್ಟಲ್ ನಿಧಾನವಾಗುತ್ತದೆ.

ಎರಡನ್ನೂ ಕಿತ್ತು, ಅಂಟಿದ್ದ ಬೆಸುಗೆಯ ಫ್ಲಕ್ಸನ್ನು ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ ತೆಗೆದೆ. ಈಗ 10 ದಿನಕ್ಕೆ 9 ಸೆಕೆಂಡ್ ವ್ಯತ್ಯಾಸ. ಪಂಪ್‌ಗೆ ಧಾರಾಳ ಸಾಕು.

ಇದರ ಬದಲು ಡಿಎಸ್3231 ಗಡಿಯಾರ ಚಿಪ್ ಹಾಕಿ ಅಂದವರ ಮಾತೂ ನಿಜ. ಕ್ರಿಸ್ಟಲ್ ಒಳಗೇ ಇರುತ್ತದೆ, ಬಿಸಿಗೆ ತಕ್ಕಂತೆ ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮ ಪಂಪ್‌ಮನೆಗೆ ತಗಡಿನ ಸೂರು, ಮಧ್ಯಾಹ್ನ ಒಲೆಯೇ. ಮುಂದಿನ ಬೋರ್ಡ್‌ಗೆ ಅದೇ.