ಶೀನನ ಸೊಂಟ ಮತ್ತು ನ್ಯೂಟಿನ ಲೆಕ್ಕ

ಶೀನ ಒಂದು ಕೈಯಲ್ಲಿ ಎಡಸೊಂಟ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಎಕ್ಸ್-ರೇ ಹಾಳೆಯನ್ನು ಮೇಷ್ಟರ ಮನೆಯ ಕಿಟಕಿಗೆ ಆನಿಸಿ ನಿಂತಿದ್ದ. ಮೇಷ್ಟರು ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಯಾರಿಗೆ ಎಲ್ಲಿ ನೋವೆಂದರೂ ಅವರಿಗೆ ಮೊದಲು ಯಾವುದೋ ಪ್ರಾಣಿ ನೆನಪಾಗುತ್ತದೆ.

“ಸೊಂಟದ ಕೊನೆಯ ಮಣಿ ಒಂದು ಮಗ್ಗುಲಲ್ಲಿ ಮಾತ್ರ ಕೆಳಗಿನ ಮೂಳೆಗೆ ಅಂಟಿದೆಯಂತೆ ಮೇಷ್ಟರೇ. ಇಲ್ಲಿ ನೋಡಿ, ಎಡಗಡೆ. ಹುಟ್ಟಿನಿಂದಲೇ ಹೀಗಂತೆ. ಐವತ್ತು ವರ್ಷ ಯಾರೂ ಹೇಳಲೇ ಇಲ್ಲ!”

“ಹೇಳಿದ್ದರೆ ವಾಪಸ್ ಮಾಡುತ್ತಿದ್ದೆಯಾ?” ಎಂದ ರಂಗಣ್ಣ, ಚಕ್ಕುಲಿ ಮುರಿಯುತ್ತಾ.

ಮೇಷ್ಟರ ಮುಖ ಅರಳಿತು. “ಅಯ್ಯಾ, ಇದು ನ್ಯೂಟಿನ ಸೊಂಟ!”

ನ್ಯೂಟ್ ಎಂದರೆ ಸಲಮಾಂಡರ್ ಬಳಗದ್ದು, ಕಪ್ಪೆಯ ದಾಯಾದಿ. ಆಕಾರದಲ್ಲಿ ಹಾವುರಾಣಿ, ಚರ್ಮ ಮಾತ್ರ ಕಪ್ಪೆಯದು. ನಮ್ಮ ಘಟ್ಟದಲ್ಲಿ ಇಲ್ಲ, ಡಾರ್ಜಿಲಿಂಗಿಗೆ ಹೋಗಬೇಕು. ಮೇಷ್ಟರು ಹೇಳಹೊರಟದ್ದು ಯುರೋಪಿನ ಟ್ರೈಟ್ಯೂರಸ್ ಕುಲದ ಕಥೆ. ಈ ಪ್ರಾಣಿಗಳಿಗೆ ಹಿಂಗಾಲುಗಳ ಭಾರ ಹೊರುವ ಬೆನ್ನುಮಣಿ ಒಂದೇ ಒಂದು. ಆದರೆ ಕೆಲವದರಲ್ಲಿ ಸೊಂಟದ ಮೂಳೆ ಎಡಗಾಲಿನ ಕಡೆ ಒಂದು ಮಣಿಗೆ, ಬಲಗಾಲಿನ ಕಡೆ ಅದರ ಪಕ್ಕದ ಮಣಿಗೆ ತಗಲಿಕೊಂಡಿರುತ್ತದೆ.

“ಮೇಸ್ತ್ರಿ ಅಳತೆ ತಪ್ಪಿದ ಬಾಗಿಲಿನ ಹಾಗೆ,” ಎಂದ ರಂಗಣ್ಣ.

“ಅಳತೆಯೇ ಅಲ್ಲಿ ಒಂದೊಂದಕ್ಕೆ ಒಂದೊಂದು. ಹಸಿರು-ಕಪ್ಪು ಮಚ್ಚೆಯ ಮಾರ್ಬಲ್ಡ್ ನ್ಯೂಟಿಗೆ ಪಕ್ಕೆಲುಬಿರುವ ಮಣಿಗಳು ಸಾಮಾನ್ಯವಾಗಿ 12.”

“ನಮಗೆ?” ಎಂದೆ ನಾನು.

“ನಮಗೂ 12. ಅದರ ನೆಂಟರಲ್ಲಿ 13, 14, 15 ಎಂದು ಏರುತ್ತಾ ಹೋಗಿ, ಡಾನ್ಯೂಬ್ ನದಿಯ ಬಯಲಿನ ನ್ಯೂಟಿಗೆ 16, 17 ಆಗುತ್ತದೆ. ಒಂದೇ ಮನೆತನ, ನೋಡಿ! ಮಣಿ ಹೆಚ್ಚಿದಷ್ಟೂ ಮೈ ಉದ್ದ, ಕಾಲು ಗಿಡ್ಡ. ಹಾಗೆಯೇ ನೀರಿನ ವಾಸವೂ ಹೆಚ್ಚು. ಮಾರ್ಬಲ್ಡ್ ವರ್ಷಕ್ಕೆ ಸುಮಾರು ಎರಡು ತಿಂಗಳು ನೀರಿನಲ್ಲಿದ್ದರೆ, ಡಾನ್ಯೂಬಿನದು ಆರು ತಿಂಗಳು.”

“ನಮ್ಮ ಭಾವಮೈದ ಬಂದರೂ ಆರು ತಿಂಗಳೇ,” ಎಂದು ರಂಗಣ್ಣ ಗೊಣಗಿದ. “ಅವನ ಪಕ್ಕೆಲುಬು ಎಣಿಸಬೇಕು.”

ನನಗೆ ರೈಲು ನೆನಪಾಯಿತು. ಉದ್ದ ಬೇಕೆಂದರೆ ಬೋಗಿ ಜೋಡಿಸುವುದು, ಅಷ್ಟೇ ಅಲ್ಲವೇ ಎಂದೆ. ಮೇಷ್ಟರು ಒಪ್ಪಲಿಲ್ಲ. ಮೆಕ್ಸಿಕೊದ ವೆರಾಕ್ರೂಸ್ ಕಡೆ ಎರೆಹುಳುವಿನಂತೆ ಸಪೂರವಾದ ಒಂದು ಸಲಮಾಂಡರ್ ಇದೆಯಂತೆ. ಮುಂಡದ ಮಣಿಗಳು ಅದರ ಗಿಡ್ಡ ನೆಂಟರಷ್ಟೇ, 14. ಬೋಗಿ ಸೇರಿಸದೆ ಒಂದೊಂದು ಬೋಗಿಯನ್ನೇ ಎಳೆದು ಉದ್ದ ಮಾಡಿದ ಹಾಗೆ, ಅದರ ಒಂದೊಂದು ಮಣಿಯೂ ಉದ್ದ. ಜಿರಾಫೆಯ ಕುತ್ತಿಗೆಯದೂ ಇದೇ ಉಪಾಯ: ಮಾರುದ್ದದ ಕುತ್ತಿಗೆಯಲ್ಲೂ ನಮ್ಮಂತೆ ಏಳೇ ಮಣಿ.

ಶೀನನಿಗೆ ಜಿರಾಫೆಯಿಂದ ಸಮಾಧಾನವಾಗಲಿಲ್ಲ. “ಮನುಷ್ಯನ ಬೆನ್ನನ್ನು ನೋಡಿ ನ್ಯೂಟ್ ಎನ್ನುತ್ತೀರಲ್ಲ ಮೇಷ್ಟರೇ!”

“ಸಲಮಾಂಡರಿನ ಬೆನ್ನನ್ನು ನೋಡಿ ಮನುಷ್ಯ ಎಂದವರೂ ಇದ್ದರು. ಸ್ವಿಟ್ಜರ್ಲೆಂಡಿನ ಶಾಯ್ಖ್ಜರ್ ಎಂಬ ವೈದ್ಯ. ಕಲ್ಲುಗಣಿಯಲ್ಲಿ ಸಿಕ್ಕಿದ ತಲೆಬುರುಡೆ, ಬೆನ್ನುಮೂಳೆಗಳ ಪಳೆಯುಳಿಕೆ ನೋಡಿ, ಬೈಬಲಿನ ಮಹಾಪ್ರಳಯದಲ್ಲಿ ಮುಳುಗಿ ಸತ್ತ ಪಾಪಿ ಇವನೇ ಎಂದು 1726ರಲ್ಲಿ ಪ್ರಕಟಿಸಿಬಿಟ್ಟ. 1811ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೆ ಹಾಲೆಂಡಿನ ಹಾರ್ಲೆಮ್ ಮ್ಯೂಸಿಯಮ್ಮಿಗೆ ಹೋಗಿ ಆ ಕಲ್ಲನ್ನು ಕೆತ್ತಿಸಿದ. ಒಳಗಿನಿಂದ ಹೊರಬಂದದ್ದು ಎರಡು ಮೋಟು ಮುಂಗಾಲು. ದೈತ್ಯ ಸಲಮಾಂಡರ್!”

“ಪಾಪ, ನೀರಿನಲ್ಲೇ ಇರುವ ಪ್ರಾಣಿಯನ್ನು ಮುಳುಗಿಸಿ ಸಾಯಿಸಿದನಲ್ಲ,” ಎಂದ ರಂಗಣ್ಣ. “ಶೀನ, ನಿನ್ನ ಡಾಕ್ಟರು ಉಳಿ ತಂದರೆ ಓಡಿಬಿಡು.”

ಶೀನ ಸೊಂಟದ ಮೇಲಿನ ಕೈಯನ್ನು ಇನ್ನಷ್ಟು ಬಿಗಿದು ನರಳಿದ. “ನಿಮಗೆ ತಮಾಷೆ. ಈ ಎಡಗಡೆಯ ನೋವು ನನಗೇ ಗೊತ್ತು. ಎಕ್ಸ್-ರೇ ನೋಡಿದಾಗಿನಿಂದ ರಾತ್ರಿ ನಿದ್ದೆಯಿಲ್ಲ.”

ಮೇಷ್ಟರು ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋದರು. ಹಾಳೆಯ ಮೂಲೆಯಲ್ಲಿದ್ದ ಇಂಗ್ಲಿಷಿನ ಆರ್ ಅಕ್ಷರದ ಮೇಲೆ ಬೆರಳಿಟ್ಟರು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿತ್ತು.

“ಹಾಳೆಯನ್ನು ಹಿಂದುಮುಂದಾಗಿ ಹಿಡಿದಿದ್ದೀಯ ಮಾರಾಯ. ಅಂಟಿರುವುದು ಬಲಗಡೆ.”

ಶೀನ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದ. ಆಮೇಲೆ ಕೈಯನ್ನು ಮೆಲ್ಲಗೆ ಎಡಸೊಂಟದಿಂದ ತೆಗೆದು ಬಲಕ್ಕೆ ಇಟ್ಟುಕೊಂಡು, “ಅಮ್ಮಾ…” ಎಂದ.