ಸರ್ಕಾರದ ಕಾರ್ಡ್ ಇದ್ದರೂ ಕಂಪನಿ ಪಾಲಿಸಿ ಬೇಕಾ?

ಪ್ರಶ್ನೆ, ಶನಿವಾರಸಂತೆಯಿಂದ:
ಅಕ್ಕಾ, ನೀವು ಮೈಸೂರಿನ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕ್ ನೋಡಿಕೊಳ್ಳುವವರು, ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ. ನಮಗೆ ಮೂರೂವರೆ ಎಕರೆ ಕಾಫಿ ತೋಟ, ಎಪಿಎಲ್ ಕಾರ್ಡ್. ಅಮ್ಮನಿಗೆ 64 ವರ್ಷ, ಶುಗರ್ ಇದೆ. ಖಾಸಗಿ ಕಂಪನಿಯ 5 ಲಕ್ಷದ ಪಾಲಿಸಿ ಮಾಡಿಸಿ ಅಂತ ಏಜೆಂಟ್ ಒಬ್ಬರು ದಿನಾ ಫೋನ್ ಮಾಡುತ್ತಾರೆ. ಸರ್ಕಾರವೇ 5 ಲಕ್ಷ ಕೊಡುವಾಗ ಕಂಪನಿಯವರು ಅದರ ಮುಂದೆ ಎಲ್ಲಿ ನಿಲ್ಲುತ್ತಾರೆ, ಸುಮ್ನೆ ದುಡ್ಡು ಹಾಳು ಅನ್ನುತ್ತಾರೆ ನಮ್ಮ ಭಾವ. ಹೌದಾ?

ಉತ್ತರ:
ನಿಮ್ಮ ಭಾವ ಹೇಳಿದ್ದು ಅರ್ಧ ಸರಿ ಅಣ್ಣಾ. ಆದರೆ ಮೊದಲು ಒಂದು ತಪ್ಪು ತಿಳಿವಳಿಕೆ ಸರಿ ಮಾಡಿಕೊಳ್ಳೋಣ. ಸರ್ಕಾರದ ಆಸ್ಪತ್ರೆ ಖರ್ಚಿನ ಯೋಜನೆ, ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ಅನ್ನುವುದು ಬಿಪಿಎಲ್ ಕಾರ್ಡಿನವರಿಗೆ. ನಿಮ್ಮಂಥ ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಕಟ್ಟಿದ ದರದ, ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಉಳಿದದ್ದು ಕೈಯಿಂದ. ಇದು ಗೊತ್ತಿಲ್ಲದೆ ಡೆಸ್ಕ್ ಮುಂದೆ ಬಂದು ಮುಖ ಬಾಡಿಸಿಕೊಂಡವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಇನ್ನು ಪೈಪೋಟಿಯ ಮಾತು. ದುಡ್ಡಿನಲ್ಲಿ ಸರ್ಕಾರವನ್ನು ಗೆಲ್ಲಲು ಯಾವ ಕಂಪನಿಗೂ ಆಗುವುದಿಲ್ಲ. ಸರ್ಕಾರದ ಯೋಜನೆ ವಯಸ್ಸು ನೋಡುವುದಿಲ್ಲ. ಶುಗರ್ ಇದೆ, ಹಾಗಾಗಿ ಮೂರು ವರ್ಷ ಕಾಯಿರಿ ಅನ್ನುವುದಿಲ್ಲ. ಕಂಪನಿ ಇದನ್ನೆಲ್ಲ ಲೆಕ್ಕ ಹಾಕಿಯೇ ಪ್ರೀಮಿಯಂ ಹೇಳುತ್ತದೆ. ಏಜೆಂಟರ ಕಮಿಷನ್, ಜಾಹೀರಾತು, ಲಾಭ ಎಲ್ಲವೂ ಆ ಪ್ರೀಮಿಯಂನಿಂದಲೇ ಹೋಗಬೇಕು, ಅಲ್ವಾ?

ಆದರೂ ಕಂಪನಿಗಳಿಗೆ ಗಿರಾಕಿ ಇದ್ದಾರೆ. ಯಾಕೆ ಅಂತ ಆಸ್ಪತ್ರೆ ಬಾಗಿಲಲ್ಲಿ ನಿಂತರೆ ಗೊತ್ತಾಗುತ್ತದೆ. ಸರ್ಕಾರ ಒಂದೊಂದು ಚಿಕಿತ್ಸೆಗೂ ಇಷ್ಟೇ ಅಂತ ಪ್ಯಾಕೇಜ್ ದರ ಕಟ್ಟಿದೆ. ಆ ದರ ಕಮ್ಮಿ, ದುಡ್ಡು ಬರುವುದೂ ತಡ ಎಂದು ಖಾಸಗಿ ಆಸ್ಪತ್ರೆಗಳು ಮೊದಲಿಂದಲೂ ದೂರುತ್ತವೆ. ಹಾಗಾಗಿ ಕೆಲವು ಆಸ್ಪತ್ರೆಗಳು ಯೋಜನೆಗೆ ಸೇರುವುದೇ ಇಲ್ಲ. ಕೆಲವು ಎರಡು ಮೂರು ವಿಭಾಗಕ್ಕೆ ಮಾತ್ರ ಸೇರಿಕೊಳ್ಳುತ್ತವೆ. ಜೊತೆಗೆ, ತುರ್ತು ಅಲ್ಲದ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಕಂಪನಿ ಪಾಲಿಸಿ ಇದ್ದವರು ಚೀಟಿ ಇಲ್ಲದೆ, ತಮಗೆ ಬೇಕಾದ ಡಾಕ್ಟರ ಹತ್ತಿರ ನೇರ ಹೋಗುತ್ತಾರೆ. ಕಂಪನಿ ಮಾರುವುದು ಇದನ್ನೇ.

ನಮ್ಮ ಕೊಡಗಿನವರಿಗೆ ಇದು ಸಣ್ಣ ವಿಷಯ ಅಲ್ಲ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಬಂದಿದೆ, ಅಲ್ಲಿ ಆಗುವುದು ಅಲ್ಲೇ ಆಗಲಿ. ಕಷ್ಟದ ಕೇಸ್ ಆದರೆ ಈಗಲೂ ಮೈಸೂರು, ಇಲ್ಲವೇ ಮಂಗಳೂರು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಬಂದ ಮೇಲೆ ನಿಮ್ಮ ಕಾರ್ಡ್ ಇಲ್ಲಿ ಈ ಕಾಯಿಲೆಗೆ ನಡೆಯುವುದಿಲ್ಲ ಅಂದರೆ ಹೇಗಿರುತ್ತದೆ ಹೇಳಿ.

ಪ್ರಶ್ನೆ, ನಾಪೋಕ್ಲಿನಿಂದ:
ಪಾಲಿಸಿ ಇದ್ದರೂ ದುಡ್ಡು ಕಟ್ ಮಾಡುತ್ತಾರಲ್ಲ ಮೇಡಂ? ನಮ್ಮ ಅತ್ತೆಗೆ ಹಾಗೇ ಆಯಿತು.

ಉತ್ತರ:
ಆಗುತ್ತದೆ ಮೇಡಂ. ಕಳೆದ ಮೆಣಸು ಕೊಯ್ಲಿನಲ್ಲಿ ಏಣಿಯಿಂದ ಬಿದ್ದವರೊಬ್ಬರನ್ನು ಜೀಪಿನಲ್ಲಿ ಕರೆತಂದರು. ತೊಡೆ ಮೂಳೆ ಮುರಿದಿತ್ತು. ಮಗಳ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟ ರೇಷನ್ ಕಾರ್ಡ್, ಇನ್ನೊಂದು ಕೈಯಲ್ಲಿ ಮೊಬೈಲ್, ಅದರಲ್ಲಿ ಪಾಲಿಸಿ. ಅಪ್ಪನಿಗೆ ಒಳ್ಳೆ ರೂಮ್ ಇರಲಿ ಅಂತ ದಿನಕ್ಕೆ 6,000ದ ರೂಮ್ ಕೇಳಿದಳು. ಪಾಲಿಸಿ 3 ಲಕ್ಷದ್ದು, ರೂಮ್ ಬಾಡಿಗೆಗೆ ದಿನಕ್ಕೆ ಆ ಮೊತ್ತದ ಶೇ. 1ರ ಮಿತಿ, ಅಂದರೆ 3,000. ಮಿತಿ ದಾಟಿದರೆ ಬರೀ ಬಾಡಿಗೆ ಕಟ್ ಆಗುವುದಿಲ್ಲ. ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು, ನರ್ಸಿಂಗ್ ಎಲ್ಲ ಅದೇ ಲೆಕ್ಕದಲ್ಲಿ ಕಟ್ ಆಗುತ್ತದೆ. 80,000 ಇದ್ದರೆ 40,000 ಮಾತ್ರ ಕೊಡುತ್ತಾರೆ. ಮದ್ದು, ಒಳಗೆ ಹಾಕುವ ರಾಡು ಇದಕ್ಕೆ ಸೇರುವುದಿಲ್ಲ. ನಾನು ಆ ಹುಡುಗಿಗೆ ಪೆನ್ನಿನಲ್ಲಿ ಬರೆದು ತೋರಿಸಿದೆ, ಅವಳು ಸಣ್ಣ ರೂಮ್ ತೆಗೆದುಕೊಂಡಳು. ಪಾಲಿಸಿ ಮಾರಿದವರು ಈ ಒಂದು ಸಾಲನ್ನು ಅವಳಿಗೆ ಮೊದಲೇ ಹೇಳಬೇಕಿತ್ತು. ಇದು ನನಗೆ ಈಗಲೂ ಸಿಟ್ಟು ಬರಿಸುವ ವಿಷಯ.

ನಿಯಮಗಳು ಈಗ ಸ್ವಲ್ಪ ಜನರ ಪರ ಬಂದಿವೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು, ಮುಂಚೆ 48 ಇತ್ತು. ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟಲಿ ಅಂತ ಕೇಳಿದರೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಆಗುವಾಗ ಮೂರು ಗಂಟೆಯಲ್ಲಿ ಕಂಪನಿ ತೀರ್ಮಾನ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಮನೆಯವರು ಸ್ವಂತಕ್ಕೆ ಮಾಡಿಸುವ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಕ್ಲೇಮ್ ಅನ್ಯಾಯವಾಗಿ ತಿರಸ್ಕಾರ ಆದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ಅಲ್ಲಿ ಸರಿಹೋಗದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಫೀಸು ಇಲ್ಲ, ವಕೀಲರೂ ಬೇಡ.

ಪ್ರಶ್ನೆ, ಪೊನ್ನಂಪೇಟೆಯಿಂದ:
ನನ್ನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಎಲ್ಲ ಕಂಪನಿಗಳದೇ ರಾಜ್ಯ ಅನ್ನುತ್ತಾನೆ. ನಮ್ಮಲ್ಲೂ ಹಾಗೇ ಆಗಬಹುದಾ?

ಉತ್ತರ:
ಅಲ್ಲೂ 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ಇದೆ ಸರ್, 1965ರ ಕಾನೂನು. ಆದರೆ ಈಗ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿರಿಯರು ಖಾಸಗಿ ಕಂಪನಿಗಳ ಮೂಲಕವೇ ಅದನ್ನು ಪಡೆಯುತ್ತಾರೆ. ತಲೆಗೆ ಇಷ್ಟು ಅಂತ ಕಂಪನಿಗೆ ದುಡ್ಡು ಕೊಡುವುದು ಸರ್ಕಾರವೇ. ಹಾಗಾಗಿ ಕಂಪನಿ ಸರ್ಕಾರದ ಎದುರು ಗೆದ್ದಿತು ಅನ್ನಲು ನನಗೆ ಮನಸ್ಸು ಬರುವುದಿಲ್ಲ, ಸರ್ಕಾರದ ದುಡ್ಡಿನಲ್ಲೇ ಬೆಳೆಯಿತು. ನಮ್ಮಲ್ಲೂ ಕೆಲವು ರಾಜ್ಯಗಳು ಕಂಪನಿಗೆ ಪ್ರೀಮಿಯಂ ಕಟ್ಟಿ ಯೋಜನೆ ನಡೆಸಿವೆ. ಕರ್ನಾಟಕ ಹಾಗೆ ಮಾಡದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಆಸ್ಪತ್ರೆಗೆ ನೇರ ದುಡ್ಡು ಕೊಡುತ್ತದೆ. ಇದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಆ ದುಡ್ಡು ಹೊತ್ತಿಗೆ ಸರಿಯಾಗಿ ಬರಬೇಕು, ದರವೂ ಆಗಾಗ ಪರಿಷ್ಕಾರ ಆಗಬೇಕು. ಇಲ್ಲದಿದ್ದರೆ ಕಾರ್ಡ್ ಇದ್ದೂ ಬೆಡ್ ಸಿಗುವುದಿಲ್ಲ.

ಪ್ರಶ್ನೆ, ಮತ್ತೆ ಶನಿವಾರಸಂತೆಯಿಂದ:
ಹಾಗಾದರೆ ನಾನು ಏನು ಮಾಡಲಿ ಅಕ್ಕಾ?

ಉತ್ತರ:
ನಿಮ್ಮ ಸಹಕಾರ ಸೊಸೈಟಿಗೆ ಹೋಗಿ ಯಶಸ್ವಿನಿ ಕೇಳಿ, ಅದು ಸೊಸೈಟಿ ಸದಸ್ಯರಿಗೆ ಇರುವ ಸರ್ಕಾರದ ಆರೋಗ್ಯ ಯೋಜನೆ. 2003ರಲ್ಲಿ ಶುರುವಾದದ್ದು, ನಡುವೆ ನಿಂತಿತ್ತು, ಈಗ ಮತ್ತೆ ಇದೆ. ಮತ್ತೆ ಶುರು ಮಾಡಿದಾಗ ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟರು, ಮಿತಿ 5 ಲಕ್ಷ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಕಾರ್ಯದರ್ಶಿಯವರ ಹತ್ತಿರ ತಾರೀಕು ಕೇಳಿಟ್ಟುಕೊಳ್ಳಿ. ಬೇರೆ ಪಾಲಿಸಿ ಇದ್ದವರಿಗೆ ಏನು ಷರತ್ತು ಅನ್ನುವುದನ್ನೂ ಆಗಲೇ ಕೇಳಿ.

ಆಮೇಲೂ ಕೈಯಲ್ಲಿ ಮಿಕ್ಕಿದರೆ ಕಂಪನಿ ಪಾಲಿಸಿ ನೋಡಿ. ರೂಮ್ ಬಾಡಿಗೆ ಮಿತಿ ಇಲ್ಲದ್ದು ಹುಡುಕಿ. ಅಮ್ಮನ ಶುಗರ್ ವಿಷಯ ಫಾರ್ಮ್‌ನಲ್ಲಿ ಬರೆಯಲೇಬೇಕು. ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತದೆ, ಬಿಡಿ ಅಂತ ಏಜೆಂಟ್ ಹೇಳಿದರೆ ಆ ಏಜೆಂಟನ್ನೇ ಬಿಡಿ.

ಪ್ರಶ್ನೆ, ಸಿದ್ದಾಪುರದಿಂದ:
ನಮ್ಮ ತೋಟದ ಲೈನ್ ಮನೆಯಲ್ಲಿ ಅಸ್ಸಾಂನಿಂದ ಬಂದ ಕೆಲಸದವರು ಇದ್ದಾರೆ. ಅವರಿಗೆ ಏನಾದರೂ ಸಿಗುತ್ತದಾ?

ಉತ್ತರ:
ಕೇಳಿದ್ದು ತುಂಬಾ ಒಳ್ಳೆಯದಾಯಿತು ಅಣ್ಣಾ. ಅವರ ಊರಿನಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಬೇರೆ ರಾಜ್ಯದಲ್ಲೂ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ನಡೆಯುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಕಾರ್ಡ್ ಊರಿನ ಮನೆಯಲ್ಲಿ ಪೆಟ್ಟಿಗೆಯೊಳಗೆ ಇರುತ್ತದೆ. ಈ ಸಲ ಸಂಬಳ ಕೊಡುವ ದಿನ ಒಬ್ಬೊಬ್ಬರನ್ನೇ ಕೇಳಿ. ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಪ್ರಿಂಟ್ ಹಾಕಿಸಿ, ಆಧಾರ್ ಜೊತೆ ಅವರ ಕೈಗೇ ಕೊಡಿ. ತೋಟದ ಲೆಕ್ಕ ನೋಡುವ ರೈಟರ್ ಹತ್ತಿರವೂ ಒಂದು ಕಾಪಿ ಇರಲಿ.